ಮೋಡ ಕವಿದ ದಿನ ಉಪಗ್ರಹವು ಕಾಣದ ಗಾಳಿ

ಮಡಕಶಿರಾ ಸೀಮೆಯ ಅಗಳಿಯು ಮಳೆನೆರಳಿನ ಪ್ರದೇಶಕ್ಕೆ ಸೇರಿದ ಊರು. ಅನಂತಪುರ ಸೀಮೆಯ ವಾರ್ಷಿಕ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನದು. ಜೂನ್ ಕಳೆದ ಮೇಲೆ ಪಡುವಣದಿಂದ ಮೋಡಗಳು ಸಾಲುಸಾಲಾಗಿ ಬರುತ್ತವೆ. ಆದರೆ ಘಟ್ಟದಲ್ಲಿ ನೀರಿಳಿಸಿ ಬಂದ ಅವು ಇಲ್ಲಿ ಸುರಿಯುವುದು ಕಡಿಮೆ. ರೈತನನ್ನು ನಿರಾಶೆಗೊಳಿಸುವ ಈ ಮೋಡ, ಗಾಳಿಯ ಮಾಲಿನ್ಯವನ್ನು ಆಕಾಶದಿಂದ ಅಳೆಯುವವರಿಗೂ ತೊಡಕೇ ಸರಿ.

ಉಪಗ್ರಹವು ಗಾಳಿಯನ್ನು ಮುಟ್ಟಿ ಅಳೆಯುವುದಿಲ್ಲ. ನೆಲಕ್ಕೆ ತಾಗಿ ಮರಳಿದ ಬಿಸಿಲನ್ನು ಅದು ಪರೀಕ್ಷಿಸುತ್ತದೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಮರಳಿದ ಬೆಳಕಿನಲ್ಲಿ ನೀಲಿಯ ಯಾವ ಅಂಶ ಎಷ್ಟು ಕುಂದಿದೆ ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ. 2017ರ ಅಕ್ಟೋಬರಿನಲ್ಲಿ ಉಡಾಯಿಸಲಾದ ಯೂರೋಪಿನ ಸೆಂಟಿನೆಲ್-5ಪಿ ಉಪಗ್ರಹದಲ್ಲಿರುವ ಟ್ರೋಪೋಮಿ ಉಪಕರಣವು ಈ ಕೆಲಸ ಮಾಡುತ್ತದೆ. ಅದು ಹಾದುಹೋಗುವುದು ಮಧ್ಯಾಹ್ನ 1.30ರ ಸುಮಾರಿಗೆ, ಅಂದರೆ ನೆಲ ಕಾದು ಹತ್ತಿಯ ರಾಶಿಯಂತಹ ಮೋಡಗಳು ಮೇಲೇಳುವ ಹೊತ್ತಿಗೆ.

ದಟ್ಟ ಮೋಡವು ಬಿಸಿಲನ್ನು ಮೇಲಿನಿಂದಲೇ ಹಿಂದಿರುಗಿಸುತ್ತದೆ. ಮಾಲಿನ್ಯದ ಬಹುಪಾಲು ಇರುವುದು ಅದರ ಕೆಳಗೆ, ನೆಲದ ಹತ್ತಿರ. ಅದು ಉಪಗ್ರಹಕ್ಕೆ ಕಾಣುವುದೇ ಇಲ್ಲ. ಅರೆಮೋಡವಾದರೆ ಗಣಿತದ ಮಾದರಿಗಳಿಂದ ಮರೆಯಾದ ಭಾಗವನ್ನು ಅಂದಾಜು ಮಾಡಬಹುದು, ಆದರೆ ಅಂದಾಜು ಅಳತೆಯಲ್ಲ. ಮೋಡ ಹೆಚ್ಚಾದ ಚೌಕಗಳನ್ನು ವಿಜ್ಞಾನಿಗಳು ಲೆಕ್ಕದಿಂದ ಕೈಬಿಡುತ್ತಾರೆ. ಧೂಳು, ಹೊಗೆಗಳ ಕಣಗಳನ್ನು ಅಳೆಯುವಲ್ಲಿ ಇನ್ನೊಂದು ವಿಪರೀತವುಂಟು: ತೆಳುಮೋಡವು ಹೊಗೆಯೆಂದು ಎಣಿಕೆಗೆ ಬರಬಹುದು, ದಟ್ಟ ಹೊಗೆಯು ಮೋಡವೆಂದು ತಿರಸ್ಕೃತವಾಗಬಹುದು. ಗಾಳಿ ಅತ್ಯಂತ ಕೆಟ್ಟಿದ್ದ ದಿನವೇ ಹೀಗೆ ದಾಖಲೆಯಿಂದ ಬಿಟ್ಟುಹೋಗುವ ಸಂಭವವಿದೆ.

ಆದ್ದರಿಂದ ನಕ್ಷೆಯಲ್ಲಿ ಖಾಲಿಯಾಗಿರುವ ಚೌಕವೆಂದರೆ ಶುದ್ಧ ಗಾಳಿಯಲ್ಲ, ಅಳೆಯದ ಗಾಳಿ. ಮಕ್ಕಳು ಸೊನ್ನೆಗೂ ಖಾಲಿ ಜಾಗಕ್ಕೂ ಇರುವ ಭೇದವನ್ನು ಬೇಗ ಮರೆಯುತ್ತಾರೆ. ದೊಡ್ಡವರೂ ಅದಕ್ಕೆ ಹೊರತಲ್ಲ. 40 ಮಕ್ಕಳ ತರಗತಿಯಲ್ಲಿ 15 ಮಂದಿ ಮಾತ್ರ ಪರೀಕ್ಷೆ ಬರೆದರೆ, ಅವರ ಅಂಕಗಳ ಸರಾಸರಿಯನ್ನು ಇಡೀ ತರಗತಿಯದೆನ್ನಲಾಗದು. ಜುಲೈ ತಿಂಗಳ ಉಪಗ್ರಹದ ಸರಾಸರಿಯೂ ಅಂತಹುದೇ: ಅದು ಮೋಡ ತೆರೆದ ಮಧ್ಯಾಹ್ನಗಳ ಸರಾಸರಿ ಮಾತ್ರ.

ಆಗುಂಬೆಯಂತಹ ಕಡೆ ಮೋಡದ ದಿನವೆಂದರೆ ಬಹುಮಟ್ಟಿಗೆ ಮಳೆಯ ದಿನ. ಮಳೆ ಧೂಳನ್ನು ತೊಳೆದಿರುತ್ತದೆ ಎಂದು ಊಹಿಸಲು ಆಧಾರವಿದೆ. ಅಗಳಿಯಲ್ಲಿ ಮೋಡ ಕವಿದೂ ಮಳೆ ಬಾರದಿದ್ದರೆ ಧೂಳು ಅಲ್ಲಿಯೇ ಉಳಿಯುತ್ತದೆ, ಉಪಗ್ರಹಕ್ಕೆ ಕಾಣುವುದೂ ಇಲ್ಲ. ಬಯಲುಸೀಮೆಯ ಈ ಸ್ಥಿತಿಗೆ ಘಟ್ಟದ ಊಹೆ ಹೊಂದದು.

ಭಾರತದ ಇನ್ಸಾಟ್ ಸರಣಿಯ ಹವಾಮಾನ ಉಪಗ್ರಹಗಳು ಭೂಮಿಯ ವೇಗಕ್ಕೆ ಸಮನಾಗಿ ಸುತ್ತುತ್ತ ಒಂದೇ ಕಡೆ ನಿಂತಂತಿದ್ದು, ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತವೆ. ಮೋಡ ಸರಿದ ಗಳಿಗೆ ಅವುಗಳಿಗೆ ಸಿಕ್ಕೀತು; ದಿನವಿಡೀ ಮುಚ್ಚಿದ ಆಕಾಶದಲ್ಲಿ ಅವೂ ಅಸಹಾಯಕ. ಆಗ ನೆಲದ ಮೇಲಿನ ಮಾಪನ ಕೇಂದ್ರವೊಂದೇ ಆಧಾರ.

ಶಾಲೆಯಲ್ಲಿ ಇದನ್ನು ಉಪಕರಣವಿಲ್ಲದೆಯೇ ತೋರಿಸಬಹುದು. ಹವಾಮಾನ ವೀಕ್ಷಕರ ಪದ್ಧತಿಯಂತೆ ಆಕಾಶವನ್ನು ಎಂಟು ಪಾಲು ಮಾಡಿ, ಪ್ರತಿದಿನ ಮಧ್ಯಾಹ್ನ 1.30ಕ್ಕೆ ಎಷ್ಟು ಪಾಲು ಮೋಡವಿದೆಯೆಂದು ಮಕ್ಕಳು ಬರೆದಿಡಲಿ. ಆ ದಿನ ಮಳೆ ಬಂದಿತೇ ಎಂಬುದಕ್ಕೆ ಪಕ್ಕದಲ್ಲೊಂದು ಕಲಮು ಇರಲಿ. ತಿಂಗಳ ಕೊನೆಗೆ, ಮೋಡವಿದ್ದೂ ಮಳೆಯಿಲ್ಲದ ದಿನಗಳನ್ನು ಅವರೇ ಎಣಿಸಲಿ.