ತತ್ತ್ವಶಾಸ್ತ್ರದ ಸಂಶೋಧನ ವ್ಯಾಸಂಗ: ಪ್ರವೇಶದ ಅನಿಶ್ಚಿತತೆಯ ಸ್ವರೂಪ

ವಚನ, ದ್ವೈತ ವೇದಾಂತ, ಜೈನ ದರ್ಶನ ಮೊದಲಾದವುಗಳನ್ನು ಸಾಹಿತ್ಯಚರಿತ್ರೆಯ ಅಂಗವಾಗಿ ಮಾತ್ರವಲ್ಲದೆ ತತ್ತ್ವಚಿಂತನೆಯಾಗಿಯೇ ಅಧ್ಯಯನ ಮಾಡಬೇಕೆಂಬ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿಯೂ ಇದ್ದಾರೆ. ಇವರಲ್ಲಿ ಕೆಲವರು ಅಮೆರಿಕದ ತತ್ತ್ವಶಾಸ್ತ್ರ ವಿಭಾಗಗಳ ಪಿಎಚ್.ಡಿ. ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುತ್ತಾರೆ. ಅರ್ಜಿ ತಿರಸ್ಕೃತವಾದಾಗ ಅದನ್ನು ತಮ್ಮ ಬುದ್ಧಿಶಕ್ತಿಯ ಬಗೆಗಿನ ತೀರ್ಪೆಂದು ಬಗೆದು ವಿಷಯವನ್ನೇ ಕೈಬಿಡುವ ಅಪಾಯವಿದೆ. ಒಬ್ಬ ಸಮರ್ಥ ಅಭ್ಯಾಸಿ ಹೀಗೆ ದೂರವಾದರೆ ಆಗುವ ನಷ್ಟ ಆತನಿಗಷ್ಟೇ ಸೀಮಿತವಾದುದಲ್ಲ. ಆದ್ದರಿಂದ ಈ ಪ್ರವೇಶಕ್ರಮದ ಅನಿಶ್ಚಿತತೆ ಎಲ್ಲಿಂದ ಹುಟ್ಟುತ್ತದೆ, ಅದರಲ್ಲಿ ಅಭ್ಯರ್ಥಿಯ ಕೈಯಲ್ಲಿರುವುದು ಎಷ್ಟು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿದ್ಯಾರ್ಥಿಗಳಷ್ಟೇ ಅವರಿಗೆ ಶಿಫಾರಸು ಪತ್ರ ಬರೆಯುವ ಅಧ್ಯಾಪಕರೂ ಇದನ್ನು ಗಮನಿಸಬೇಕಾಗಿದೆ.

1. ಅನಿಶ್ಚಿತತೆಯ ಮೂಲ

ಅಮೆರಿಕದ ಪಿಎಚ್.ಡಿ. ಪ್ರವೇಶವು ಅಂಕಗಳ ಶ್ರೇಣಿಪಟ್ಟಿಯಿಂದ ನಿರ್ಧಾರವಾಗುವಂಥದಲ್ಲ. ಪ್ರವೇಶ ಪಡೆದವರಿಗೆ ಐದಾರು ವರ್ಷಗಳ ಬೋಧನ ಶುಲ್ಕ ವಿನಾಯಿತಿಯನ್ನೂ ಜೀವನವೇತನವನ್ನೂ ವಿಶ್ವವಿದ್ಯಾಲಯವೇ ಭರಿಸುವುದು ಅಲ್ಲಿಯ ಪ್ರಮುಖ ವಿಭಾಗಗಳ ರೂಢಿ. ಪ್ರತಿಯಾಗಿ ವಿದ್ಯಾರ್ಥಿಯು ಬೋಧನೆಯಲ್ಲಿ ನೆರವಾಗಬೇಕು. ಹೀಗಾಗಿ ಒಂದು ವಿಭಾಗವು ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಸೇರಿಸಿಕೊಳ್ಳಬಲ್ಲದು. ಹೆಸರಾಂತ ವಿಭಾಗಗಳಿಗೆ ಬರುವ ಅರ್ಜಿಗಳಾದರೋ ನೂರಾರು. ಆಯ್ಕೆ ಮಾಡುವವರು ವಿಭಾಗದ ಅಧ್ಯಾಪಕರ ಒಂದು ಸಣ್ಣ ಸಮಿತಿ. ಅದರ ಸದಸ್ಯರು ಬದಲಾಗುತ್ತಿರುತ್ತಾರೆ. ತರ್ಕಶಾಸ್ತ್ರಕ್ಕೆ ಹಿಂದಿನ ವರ್ಷ ಇಬ್ಬರನ್ನು ತೆಗೆದುಕೊಂಡಿದ್ದರೆ ಈ ವರ್ಷ ನೀತಿಶಾಸ್ತ್ರದವರನ್ನು ಅರಸಬಹುದು. ಮಾರ್ಗದರ್ಶನ ಮಾಡಬಲ್ಲ ಪ್ರಾಧ್ಯಾಪಕರು ನಿವೃತ್ತಿಯ ಅಂಚಿನಲ್ಲಿದ್ದರೆ ಆ ಕ್ಷೇತ್ರದ ಒಳ್ಳೆಯ ಅರ್ಜಿಯೂ ಬದಿಗೆ ಸರಿಯಬಹುದು. ಇವಾವುವೂ ಅರ್ಜಿದಾರನಿಗೆ ತಿಳಿಯುವ ಸಂಗತಿಗಳಲ್ಲ.

ಇದರ ಜೊತೆಗೆ ಹಣಕಾಸಿನ ಏರುಪೇರುಗಳಿವೆ. ಮಹಾಮಾರಿಯ ಕಾರಣದಿಂದ 2021ರ ಶೈಕ್ಷಣಿಕ ವರ್ಷಕ್ಕೆ ಅಮೆರಿಕದ ಅನೇಕ ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳು ಪಿಎಚ್.ಡಿ. ಪ್ರವೇಶವನ್ನೇ ನಿಲ್ಲಿಸಿದುವು. 2025ರಲ್ಲಿ ಷಿಕಾಗೋ ವಿಶ್ವವಿದ್ಯಾಲಯವು ಮಾನವಿಕಗಳ ಹಲವು ವಿಭಾಗಗಳ ಮುಂದಿನ ವರ್ಷದ ಪ್ರವೇಶವನ್ನು ತಗ್ಗಿಸುವುದಾಗಿ, ಕೆಲವೆಡೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಇಂಥ ವರ್ಷದಲ್ಲಿ ಬಂದ ನಿರಾಕರಣೆಯಿಂದ ಅಭ್ಯರ್ಥಿಯ ಯೋಗ್ಯತೆಯನ್ನು ಊಹಿಸುವುದು ಸರಿಯಾದ ಅನುಮಾನವಾಗದು; ಅಲ್ಲಿ ಹೇತುವೇ ದೋಷಯುಕ್ತ.

2. ಕೈಯಲ್ಲಿರುವ ಭಾಗ

ಅರ್ಜಿಯ ಅಂಗಗಳಲ್ಲಿ ಹೆಚ್ಚಿನ ತೂಕವುಳ್ಳದ್ದು ಬರವಣಿಗೆಯ ಮಾದರಿ. ಇದು ಸಾಮಾನ್ಯವಾಗಿ 15ರಿಂದ 25 ಪುಟಗಳ ಒಂದು ಸ್ವತಂತ್ರ ಪ್ರಬಂಧ. ನಮ್ಮ ಸ್ನಾತಕೋತ್ತರ ಪ್ರಬಂಧಗಳು ಬಹುಮಟ್ಟಿಗೆ ಸಮೀಕ್ಷಾರೂಪದವು: ಕವಿಯ ಕಾಲ, ಕೃತಿಗಳು, ವಿದ್ವಾಂಸರ ಅಭಿಪ್ರಾಯಗಳು, ಕೊನೆಯಲ್ಲಿ ಒಂದು ಸಮನ್ವಯ. ಅಲ್ಲಿಯ ಸಮಿತಿ ನಿರೀಕ್ಷಿಸುವುದು ಇದನ್ನಲ್ಲ. ಒಂದು ಪ್ರಶ್ನೆ, ಅದಕ್ಕೆ ಅಭ್ಯರ್ಥಿಯದೇ ಆದ ಉತ್ತರ, ಆ ಉತ್ತರಕ್ಕೆ ಎದುರಾಗಬಹುದಾದ ಬಲವಾದ ಆಕ್ಷೇಪ, ಅದರ ಪರಿಹಾರ ಇಷ್ಟು ಇದ್ದರೆ ಸಾಕು. ಪೂರ್ವಪಕ್ಷ ಸಿದ್ಧಾಂತಗಳ ಈ ಕ್ರಮ ನಮ್ಮ ಶಾಸ್ತ್ರಪರಂಪರೆಗೆ ಹೊಸದೇನಲ್ಲ.

ಕನ್ನಡ ಪಠ್ಯವನ್ನು ಆಧರಿಸಿ ಬರೆಯುವವರಿಗೆ ಇನ್ನೊಂದು ಹೊಣೆಯಿದೆ. ಎ.ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದಗಳ ಮೂಲಕ ವಚನಗಳು ವಿದೇಶಗಳಲ್ಲಿ ಪರಿಚಿತವಾದದ್ದು ಮುಖ್ಯವಾಗಿ ಕಾವ್ಯವಾಗಿ. ಅಲ್ಲಮನ ‘ಅರಿವು’, ‘ಕುರುಹು’, ‘ಬಯಲು’ ಎಂಬ ಪದಗಳು ಜ್ಞಾನ ಮತ್ತು ಭಾಷೆಯನ್ನು ಕುರಿತ ವಾದವೊಂದರಲ್ಲಿ ಯಾವ ಕೆಲಸ ಮಾಡುತ್ತವೆ ಎಂಬುದನ್ನು ಕನ್ನಡವರಿಯದ ಓದುಗನಿಗೂ ಮನವರಿಕೆಯಾಗುವಂತೆ ಬಿಡಿಸಿ ತೋರಿಸಬೇಕು. ವಚನಗಳ ಮಹತ್ತ್ವವನ್ನು ಕೊಂಡಾಡುವುದರಿಂದ ಈ ಕಾರ್ಯ ನೆರವೇರುವುದಿಲ್ಲ.

ಶಿಫಾರಸು ಪತ್ರಗಳು ಸಾಮಾನ್ಯವಾಗಿ ಮೂರು ಬೇಕು. ‘ಶ್ರದ್ಧಾವಂತ, ವಿನಯಶೀಲ, ಸಚ್ಚಾರಿತ್ರ್ಯವುಳ್ಳವನು’ ಎಂಬ ನಮ್ಮ ಪ್ರಮಾಣಪತ್ರದ ಶೈಲಿ ಅಲ್ಲಿ ಅಭ್ಯರ್ಥಿಗೆ ನೆರವಾಗುವುದಕ್ಕಿಂತ ತೊಡಕಾಗುವುದೇ ಹೆಚ್ಚು. ವಿದ್ಯಾರ್ಥಿ ಯಾವ ಪ್ರಶ್ನೆಯನ್ನು ಎತ್ತಿದ, ಯಾವ ಆಕ್ಷೇಪಕ್ಕೆ ಹೇಗೆ ಉತ್ತರಿಸಿದ ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳುವ ಪತ್ರವು ಎರಡು ಪುಟದ ಪ್ರಶಂಸೆಗಿಂತ ಮೇಲು. ಇದಕ್ಕಾಗಿ ವಿದ್ಯಾರ್ಥಿಯು ತನ್ನ ಪ್ರಬಂಧವನ್ನು ಎರಡು ತಿಂಗಳು ಮುಂಚಿತವಾಗಿಯಾದರೂ ಅಧ್ಯಾಪಕರಿಗೆ ಒಪ್ಪಿಸಬೇಕು. ಅಧ್ಯಾಪಕರು ಅದನ್ನು ಓದಬೇಕು.

3. ಎಲ್ಲಿಗೆ ಅರ್ಜಿ ಸಲ್ಲಿಸಬೇಕು?

ಅಮೆರಿಕದ ಬಹುತೇಕ ತತ್ತ್ವಶಾಸ್ತ್ರ ವಿಭಾಗಗಳಲ್ಲಿ ಭಾರತೀಯ ದರ್ಶನಗಳನ್ನು ಬೋಧಿಸುವವರೇ ಇಲ್ಲ. ಯುರೋಪ್ ಮತ್ತು ಅಮೆರಿಕದ ಚಿಂತನೆಯನ್ನು ಮಾತ್ರ ಕಲಿಸುವ ವಿಭಾಗಗಳು ತಮ್ಮನ್ನು ಆ ಹೆಸರಿನಿಂದಲೇ ಕರೆದುಕೊಳ್ಳಲಿ ಎಂದು ಜೇ ಗಾರ್ಫೀಲ್ಡ್ ಮತ್ತು ಬ್ರಯಾನ್ ವ್ಯಾನ್ ನಾರ್ಡೆನ್ 2016ರಲ್ಲಿ ವಾದಿಸಿದ್ದುದನ್ನು ಇಲ್ಲಿ ಸ್ಮರಿಸಬಹುದು. ಹವಾಯಿ ವಿಶ್ವವಿದ್ಯಾಲಯದಂತಹ ಕೆಲವೆಡೆ ಮಾತ್ರ ತೌಲನಿಕ ತತ್ತ್ವಶಾಸ್ತ್ರಕ್ಕೆ ದೀರ್ಘ ಪರಂಪರೆಯಿದೆ. ಉಳಿದೆಡೆ ಈ ವಿಷಯಗಳು ಹೆಚ್ಚಾಗಿ ಧರ್ಮಾಧ್ಯಯನ ಇಲ್ಲವೆ ದಕ್ಷಿಣ ಏಷ್ಯಾ ಅಧ್ಯಯನದ ವಿಭಾಗಗಳಲ್ಲಿ ನೆಲೆಸಿವೆ. ಆದಕಾರಣ ವಿಶ್ವವಿದ್ಯಾಲಯದ ಕೀರ್ತಿಗಿಂತ, ಮಾರ್ಗದರ್ಶನ ಮಾಡಬಲ್ಲವರು ಅಲ್ಲಿ ಇದ್ದಾರೆಯೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ ಪ್ರವೇಶವೂ ವಿದ್ಯಾರ್ಥಿವೇತನವೂ ಅನೇಕ ವೇಳೆ ಬೇರೆ ಬೇರೆಯಾಗಿ ನಿರ್ಧಾರವಾಗುವುದರಿಂದ, ಪ್ರವೇಶ ದೊರೆತರೂ ಹಣ ದೊರೆಯದೆ ಹೋಗಬಹುದು.

4. ಕಾಯುವ ಅವಧಿ

ಅರ್ಜಿಗಳ ಕೊನೆಯ ದಿನಾಂಕ ಸಾಮಾನ್ಯವಾಗಿ ಡಿಸೆಂಬರ್ ಆದಿಯಿಂದ ಜನವರಿಯ ನಡುವೆ. ಉತ್ತರಗಳು ಹೆಚ್ಚಾಗಿ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬರುತ್ತವೆ. ಅಲ್ಲಿಯ ಪದವೀ ಶಾಲೆಗಳ ಮಂಡಲಿಯ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ಕ್ಕೆ ಮೊದಲು ಉತ್ತರಿಸುವಂತೆ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಇದರಿಂದಾಗಿ ಹಲವು ಆಹ್ವಾನ ಪಡೆದವರು ಕೊನೆಯ ವಾರದವರೆಗೆ ಯೋಚಿಸುತ್ತಾರೆ. ಅವರು ಬಿಟ್ಟ ಸ್ಥಾನಗಳು ಕಾಯುವಪಟ್ಟಿಯಲ್ಲಿರುವವರಿಗೆ ಆಗ ದೊರೆಯುತ್ತವೆ.

ಈ ಅವಧಿಯ ಮೌನವನ್ನು ಹೇಗೆ ಅರ್ಥೈಸಬೇಕು? ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುತ್ತಾರಾದರೂ ಅದಕ್ಕೊಂದು ನಿಯಮವಿದೆ. ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಮಾತ್ರ ಕಾಣದಿರುವಿಕೆಯಿಂದ ಅದರ ಅಭಾವ ಸಿದ್ಧವಾಗುತ್ತದೆ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆನ್ನಬಹುದು, ಕತ್ತಲೆಯಲ್ಲಿ ಹಾಗೆನ್ನಲಾಗದು. ಮಾರ್ಚ್ ತಿಂಗಳ ಮೌನ ಎರಡನೆಯ ಬಗೆಯದು. ಜೊತೆಗಾರನಿಗೆ ಪತ್ರ ಬಂದು ತನಗೆ ಬಾರದಿದ್ದರೆ ತಾನು ಮೊದಲ ಪಟ್ಟಿಯಲ್ಲಿ ಇಲ್ಲವೆಂದು ಶಂಕಿಸಬಹುದೇ ಹೊರತು ತಿರಸ್ಕೃತನೆಂದು ನಿರ್ಧರಿಸುವಂತಿಲ್ಲ. ಕಾಯುವಪಟ್ಟಿಯಲ್ಲಿರುವುದು ತಿಳಿದುಬಂದರೆ, ತನ್ನ ಆಸಕ್ತಿಯನ್ನು ತಿಳಿಸುವ ಒಂದು ಚಿಕ್ಕ ಪತ್ರವನ್ನು ವಿಭಾಗಕ್ಕೆ ಬರೆಯುವುದು ಉಚಿತ.

5. ಸಮಾಂತರ ಸಿದ್ಧತೆ

ಒಂದೊಂದು ಅರ್ಜಿಗೂ ಶುಲ್ಕವಿದೆ. ಕೋರಿದರೆ ಕೆಲವು ವಿಶ್ವವಿದ್ಯಾಲಯಗಳು ವಿನಾಯಿತಿ ನೀಡುತ್ತವೆ. ಹತ್ತು ಅರ್ಜಿಗಳ ವೆಚ್ಚ ಭರಿಸಲಾಗದವರು ಮಾರ್ಗದರ್ಶಕರು ಖಚಿತವಾಗಿರುವ ಐದಾರನ್ನು ಆರಿಸಿಕೊಳ್ಳುವುದು ಲೇಸು. ಅದೇ ವರ್ಷ ಭಾರತದ ದಾರಿಯನ್ನೂ ತೆರೆದಿಟ್ಟುಕೊಳ್ಳಬೇಕು. 2024ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ನೆಟ್ ಪರೀಕ್ಷೆಯ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ಕ್ರಮವನ್ನು ತಂದಿತು. ಅದರಂತೆ ಕಿರಿಯ ಸಂಶೋಧನ ವೇತನಕ್ಕೆ ಅರ್ಹರಾಗದವರ ಆಯ್ಕೆಯಲ್ಲಿ ಪರೀಕ್ಷೆಗೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30ರ ತೂಕ.

ಆದರೆ ಇಲ್ಲಿಯೂ ಅನಿಶ್ಚಿತತೆ ತಪ್ಪಿದ್ದಲ್ಲ. 2024ರ ಜೂನ್ 18ರಂದು ನಡೆದ ನೆಟ್ ಪರೀಕ್ಷೆ ಮರುದಿನವೇ ರದ್ದಾಗಿ ಆಗಸ್ಟ್ ತಿಂಗಳಿನಲ್ಲಿ ಮತ್ತೆ ಆರಂಭವಾಯಿತು. 2022ರ ನಿಯಮಗಳ ಪ್ರಕಾರ ಒಬ್ಬ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗೆ ಮಾತ್ರ ಏಕಕಾಲದಲ್ಲಿ ಮಾರ್ಗದರ್ಶನ ಮಾಡಬಹುದು. ಸ್ಥಾನ ತೆರವಾಗದ ವರ್ಷದಲ್ಲಿ ಎಂತಹ ಅಭ್ಯರ್ಥಿಗೂ ಆ ವಿಭಾಗದಲ್ಲಿ ಎಡೆಯಿಲ್ಲ.

ಒಟ್ಟಿನಲ್ಲಿ ಎರಡು ಕಡೆಯೂ ನಿರಾಕರಣೆಯ ಕಾರಣಗಳಲ್ಲಿ ಬಹುಪಾಲು ಅರ್ಜಿಯ ಹೊರಗೇ ಇರುತ್ತವೆ. ನ್ಯಾಯಸೂತ್ರವು ಪ್ರಮಾಣ, ಪ್ರಮೇಯಗಳಾದ ಕೂಡಲೆ ಮೂರನೆಯ ಪದಾರ್ಥವಾಗಿ ಸಂಶಯವನ್ನು ಎಣಿಸಿದೆ. ಅದು ವಿಚಾರಕ್ಕೆ ಪ್ರೇರಕವೇ ಹೊರತು ವಿಚಾರದ ಅಂತ್ಯವಲ್ಲ. ತಿರಸ್ಕೃತ ಅರ್ಜಿಯೊಡನೆ ಕಳುಹಿಸಿದ ಪ್ರಬಂಧವು ಅಭ್ಯರ್ಥಿಯ ಬಳಿಯಲ್ಲೇ ಉಳಿದಿರುತ್ತದೆ. ಅದನ್ನು ಮತ್ತೊಬ್ಬ ಅಧ್ಯಾಪಕರಿಗೆ ತೋರಿಸಿ, ಆಕ್ಷೇಪಗಳನ್ನು ಕೇಳಿ, ತಿದ್ದಿ, ಮರುವರ್ಷ ಕಳುಹಿಸಬಹುದು. ಸಂಶೋಧನ ಪತ್ರಿಕೆಯೊಂದರಲ್ಲಿ ಪ್ರಕಟಿಸಲೂಬಹುದು. ವಿದ್ಯಾರ್ಥಿಯು ಆ ಪ್ರಬಂಧವನ್ನು ಕೈಬಿಡದಂತೆ ನೋಡಿಕೊಳ್ಳುವುದು ಏಪ್ರಿಲ್ ತಿಂಗಳಿನಲ್ಲಿ ಅಧ್ಯಾಪಕರಾದ ನಮ್ಮ ಮೊದಲ ಕರ್ತವ್ಯವಾಗಬೇಕು.