ಹೊಳೆಯ ಮೀನಿಗೆ ಒಡೆಯರಿಲ್ಲವೇ?

ಹರಿಯುವ ನೀರಿಗೂ ಅದರಲ್ಲಿ ಈಜುವ ಮೀನಿಗೂ ಒಡೆಯರಿಲ್ಲ, ಗಾಳವೊಂದು, ಎರೆಹುಳುವಿನ ಡಬ್ಬಿಯೊಂದು ಕೈಯಲ್ಲಿದ್ದರೆ ಯಾವ ಕೆರೆ ಏರಿಯ ಮೇಲಾದರೂ ಕೂರಬಹುದು ಎಂಬುದು ಕರ್ನಾಟಕದ ಕೆರೆ ಹೊಳೆಗಳತ್ತ ಮೀನು ಹಿಡಿಯಲು ಹೊರಡುವವರಲ್ಲಿ ಬೇರೂರಿದ ನಂಬಿಕೆ. ವಾಸ್ತವವಾಗಿ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಸಹಕಾರ ಸಂಘಕ್ಕೆ ಅಥವಾ ಹರಾಜಿನಲ್ಲಿ ಗೆದ್ದವರಿಗೆ ಗುತ್ತಿಗೆ ಕೊಟ್ಟಿರುತ್ತದೆ. ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮರಿಗಳನ್ನು ಹಣ ಕೊಟ್ಟು ತಂದು ಬಿಟ್ಟಿರುತ್ತಾರೆ; ಇದಕ್ಕೆ ಬಿತ್ತನೆ ಎಂದೇ ಹೆಸರು. ಅಂದಮೇಲೆ ಕೆರೆಯ ಮೀನು ಗದ್ದೆಯ ಪೈರಿನಂತೆಯೇ ಒಬ್ಬರ ಬೆಳೆ. ನದಿಗಳ ಬಹುಭಾಗದಲ್ಲಿ ಗುತ್ತಿಗೆಯ ಬದಲು ಪರವಾನಗಿ ಪದ್ಧತಿಯಿದೆ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿ ಮುಂತಾದ ಕ್ಷೇತ್ರಗಳಲ್ಲಿ ದೇವರ ಮೀನುಗಳೆಂದು ಜನರೇ ಕಾಯ್ದುಕೊಂಡು ಬಂದಿರುವ ಮಡುಗಳಿವೆ. ಭಕ್ತಿಯೊಂದೇ ಸಾಲದು ಎಂಬುದಕ್ಕೆ, ವಿಷಪ್ರಾಶನದಿಂದ ಸತ್ತ ಮೀನುಗಳಿಗಾಗಿ ಶಿಶಿಲದಲ್ಲಿ ನಿಲ್ಲಿಸಿರುವ ಸ್ಮಾರಕವೇ ಸಾಕ್ಷಿ. ನೀರಿಗೆ ವಿಷ ಬೆರೆಸಿ ಅಥವಾ ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು.

ಕಾವೇರಿಯ ಮಹಶೀರ್ ಕುರಿತ ನಂಬಿಕೆಗಳು ಇನ್ನೂ ತೊಡಕಿನವು. ಕೆಲವೆಡೆ ಬಿಳಿಮೀನು ಎಂದು ಕರೆಯುವ ಈ ದೊಡ್ಡ ಹುರುಪೆಯ ಗೆಂಡೆಜಾತಿಯ ಮೀನಿನ ಬಾಯಲ್ಲಿ ಹಲ್ಲುಗಳಿಲ್ಲ. ಆದರೆ ಗಂಟಲಿನ ಒಳಗಿರುವ ಹಲ್ಲುಗಳು ಏಡಿ, ಶಂಖುಹುಳುಗಳ ಚಿಪ್ಪನ್ನೂ ಪುಡಿಮಾಡಬಲ್ಲವು. ದಡದ ಮರಗಳಿಂದ ಉದುರುವ ಹಣ್ಣನ್ನೂ ತಿನ್ನುವ ಈ ಮೀನಿಗೆ ದುಬಾರಿ ವಿದೇಶಿ ಕೃತಕ ಮೀನುಗಳೇ ಬೇಕೆಂಬುದು ಅಂಗಡಿಯವರಿಗೆ ಅನುಕೂಲವಾದ ಮಾತಷ್ಟೇ. ಕಾವೇರಿ ದಡದ ನುರಿತವರು ಮಸಾಲೆ ಬೆರೆಸಿ ನಾದಿ, ಬೇಯಿಸಿ ಗಟ್ಟಿ ಮಾಡಿದ ರಾಗಿ ಉಂಡೆಯನ್ನೇ ಗಾಳಕ್ಕೆ ಮೆತ್ತುತ್ತಿದ್ದರು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಇಂದಿಗೂ ದಾಖಲೆಯಾಗಿ ಉಲ್ಲೇಖಗೊಳ್ಳುತ್ತದೆ.

ಆದರೆ ಮಹಶೀರ್ ಎಂಬುದು ಒಂದೇ ಮೀನಲ್ಲ. ಕಾವೇರಿ ಕೊಳ್ಳಕ್ಕೇ ಸೀಮಿತವಾದ, ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಗಳ ಮಹಶೀರ್ ಒಂದು. ಪುಣೆಯ ಕಡೆಯ ಹೊಳೆಯ ಮೀನಿನಿಂದ ಮೊದಲು ವರ್ಣಿತವಾದ, ನೀಲಿ ಛಾಯೆಯ ರೆಕ್ಕೆಗಳ ಮಹಶೀರ್ ಮತ್ತೊಂದು. ಮರಿ ಬಿಟ್ಟರೆ ನದಿ ತುಂಬುತ್ತದೆ ಎಂಬ ಸದುದ್ದೇಶದಿಂದ, ಲೋನಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ದಶಕಗಳ ಹಿಂದೆ ಕಾವೇರಿಗೂ ಬಿಡಲಾಯಿತು. ಗಾಳ ಹಾಕುವವರು ಬರೆದಿಟ್ಟಿದ್ದ ದಿನಚರಿಗಳನ್ನು ಸಂಶೋಧಕರು ಮುಂದೆ ಪರಿಶೀಲಿಸಿದಾಗ, ನೀಲಿ ರೆಕ್ಕೆಯವು ಏರುತ್ತಾ ಹೋದಂತೆ ಕಿತ್ತಳೆ ರೆಕ್ಕೆಯವು ಕುಸಿದದ್ದು ಕಂಡಿತು. ಅಷ್ಟು ಹೆಸರುವಾಸಿಯಾದ ಕಿತ್ತಳೆ ರೆಕ್ಕೆಯ ಮೀನಿನ ವೈಜ್ಞಾನಿಕ ಹೆಸರು ಟೋರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ, ಅದೂ ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ಆಧಾರದಿಂದ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಮೀನುಮರಿ ಬಿಡುವುದೆಲ್ಲ ಪುಣ್ಯವಲ್ಲ.

ಹಳೆಯ ಪುಸ್ತಕ, ಹಳೆಯ ಚಿತ್ರಗಳನ್ನು ನಂಬಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗೆ ಗಾಳ ಹೊತ್ತು ಹೋಗುವವರು ಈಗಲೂ ಇದ್ದಾರೆ. ಆ ತಾಣಗಳು ಕಾವೇರಿ ವನ್ಯಧಾಮದ ನೆರಳಿನಲ್ಲಿವೆ. ಅಲ್ಲಿನ ಗಾಳದ ಶಿಬಿರಗಳು ನಿಂತು, ಇಂದು ಉಳಿದಿರುವುದು ಪ್ರಕೃತಿ ಶಿಬಿರಗಳು. ಹಿಡಿದ ಮೀನನ್ನು ಮರಳಿ ಬಿಡುತ್ತೇವೆ ಎಂಬ ಸಮಜಾಯಿಷಿ ವನ್ಯಧಾಮದೊಳಗೆ ಪರವಾನಗಿಯಾಗದು.

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂಬ ಭರವಸೆಯೂ ಅರ್ಧಸತ್ಯವೇ. ಗಾಳಕ್ಕೆ ಸಿಕ್ಕು ಬಹು ಹೊತ್ತು ಸೆಣಸಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ಅದು ಬಸವಳಿದಿರುತ್ತದೆ. ನೀರಿನಿಂದ ಎತ್ತಿದೊಡನೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಲ್ಲುತ್ತದೆ. ಒಣಗಿದ ಕೈ ತಾಗಿದರೆ ಸೋಂಕಿನಿಂದ ಮೈಯನ್ನು ಕಾಯುವ ಲೋಳೆಯ ಪದರ ಕಿತ್ತುಬರುತ್ತದೆ. ಬಿಸಿಯಾದ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆಯಾದ್ದರಿಂದ ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಈ ಆಪತ್ತು ಹೆಚ್ಚು. ಹಿಮ್ಮುಳ್ಳಿಲ್ಲದ ಗಾಳ, ಒದ್ದೆ ಕೈ, ಮೀನನ್ನು ನೀರಿನಲ್ಲೇ ಇಟ್ಟು ಗಾಳ ಬಿಡಿಸುವ ತಾಳ್ಮೆ ಇವಿಷ್ಟೂ ಇದ್ದರೆ ಬದುಕುವ ಸಾಧ್ಯತೆ ಹೆಚ್ಚುತ್ತದೆ. ಛಾಯಾಚಿತ್ರಕ್ಕೆಂದು ಎದೆಮಟ್ಟ ಎತ್ತಿ ಹಿಡಿಯುವ ನಿಮಿಷವೇ ಬಹಳ ಸಲ ಮೀನಿಗೆ ಮುಳುವಾಗುತ್ತದೆ.

ಮುಂಗಾರಿನ ಮೊದಲ ಮಳೆಯೇ ಮೀನಿಗೆ ಸುಗ್ಗಿ ಎಂಬ ಮಾತು ಮಲೆನಾಡಿನಲ್ಲಿ ತಲೆಮಾರುಗಳದ್ದು. ಹೊಸ ನೀರು ಬಂದೊಡನೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಪ್ರವಾಹಕ್ಕೆ ಎದುರಾಗಿ ಏರುವ ಹತ್ತುಮೀನನ್ನು ರಾತ್ರಿ ಬೆಳಕು ಹಿಡಿದು ಕತ್ತಿಯಿಂದ ಕಡಿಯುವುದು ಅಲ್ಲಿ ಹಬ್ಬದಷ್ಟೇ ಸಡಗರದ ಕೆಲಸ. ಆ ಮೀನು ಸುಲಭವಾಗಿ ಸಿಗುವುದು ನಿಜ, ಏಕೆಂದರೆ ಅದು ಮೊಟ್ಟೆಯಿಡಲು ಹೊರಟಿರುವ ಬಸುರಿ ಮೀನು. ಒಳನಾಡಿನ ನೀರಿನಲ್ಲಿ ಮಳೆಗಾಲದ ಮೀನುಗಾರಿಕೆಗೆ ನಿಷೇಧ ಹೇರುವುದು ಇದೇ ಕಾರಣಕ್ಕೆ.

ಮಳೆಯಿಲ್ಲದ ದಿನ ಹೊಳೆ ಏರುವುದಿಲ್ಲ ಎಂಬ ನಂಬಿಕೆ ಮಾತ್ರ ಮನುಷ್ಯನ ಪ್ರಾಣಕ್ಕೇ ಸಂಬಂಧಿಸಿದ್ದು. ಅಣೆಕಟ್ಟುಗಳ ಕೆಳಗೆ ಆಕಾಶ ಶುಭ್ರವಾಗಿರುವಾಗಲೂ, ವಿದ್ಯುತ್ ಉತ್ಪಾದನೆಗೋ ನೀರಾವರಿಗೋ ನೀರು ಬಿಟ್ಟರೆ ನಡುಬಂಡೆಯ ಮೇಲೆ ಕುಳಿತವರ ಸುತ್ತ ನೀರು ಬೇಗನೆ ಏರಬಹುದು. ನಿಂತ ನೀರು ನಿರಪಾಯ ಎನ್ನುವಂತೆಯೂ ಇಲ್ಲ. ಕಾವೇರಿಯ ರಂಗನತಿಟ್ಟಿನಲ್ಲಿಯೂ ಕಾಳಿಯ ದಾಂಡೇಲಿಯಲ್ಲಿಯೂ ಮೊಸಳೆಗಳಿವೆ.

ಹೊರಡುವ ಮುನ್ನ ಗುತ್ತಿಗೆ ಯಾರದು, ಪರವಾನಗಿ ಬೇಕೇ, ನಿಷೇಧದ ಅವಧಿ ಯಾವುದು ಎಂಬುದನ್ನು ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ದಡದುದ್ದಕ್ಕೂ ಕಾಡು ಇದ್ದಲ್ಲಿ ಅರಣ್ಯ ಇಲಾಖೆಯನ್ನೂ ಕೇಳಬೇಕು.