ರಸಾಯನಶಾಲೆಯಲ್ಲಿ ಕಾಲಿಡುವ ಮುನ್ನ

ಮಳೆಗಾಲ ಹಿಡಿದು ನಮ್ಮ ಧಾರವಾಡ-ಹುಬ್ಬಳ್ಳಿಗಳ ಕಾಲೇಜುಗಳು ತುಂಬಿದವೆಂದರೆ ಅನೇಕ ಮನೆಗಳ ಹುಡುಗ ಹುಡುಗಿಯರು ಬಿ.ಎಸ್‌ಸಿ. ತರಗತಿಯನ್ನು ಸೇರಿ ರಸಾಯನಶಾಲೆಯ ಬಾಗಿಲಿಗೆ ಬರುತ್ತಾರೆ. ಧಾರವಾಡದ ಕರ್ನಾಟಕ ಕಾಲೇಜು ೧೯೧೭ರಲ್ಲಿ ಪ್ರಾರಂಭವಾಯಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಇಲ್ಲಿಗೆ ಬಂದಿತು. ಇಷ್ಟು ಕಾಲದಿಂದ ವಿದ್ಯೆಗೆ ಹೆಸರಾದ ಊರಿನಲ್ಲಿಯೂ ಆ ಬಾಗಿಲಿನ ಒಳಗೆ ಮಕ್ಕಳಿಂದ ಏನನ್ನು ಅಪೇಕ್ಷಿಸುತ್ತಾರೆಂಬದು ಮನೆಯ ಹಿರಿಯರಿಗೆ ತಿಳಿದಿರುವದು ಅಪೂರ್ವ. ಫೀ ಕಟ್ಟಿದೆವು, ಪುಸ್ತಕ ಕೊಡಿಸಿದೆವು, ಇನ್ನುಳಿದದ್ದು ಪ್ರಾಧ್ಯಾಪಕರ ಭಾರವೆಂದು ನಾವು ಸುಮ್ಮನಾಗುತ್ತೇವೆ.

ಪ್ರಯೋಗಶಾಲೆಯ ಕಟ್ಟಳೆಗಳು ಪಾಶ್ಚಾತ್ಯರು ತಂದ ಹೊಸ ರೂಢಿಯೆಂದು ತಿಳಿಯುವವರುಂಟು. ಅದು ಸರಿಯಲ್ಲ. ೧೩ನೆಯ ಶತಮಾನದ ಸುಮಾರಿನದೆಂದು ಪಂಡಿತರು ಎಣಿಸುವ ‘ರಸರತ್ನಸಮುಚ್ಚಯ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಸಶಾಲೆಯ ರಚನೆಯನ್ನು ಸವಿಸ್ತಾರವಾಗಿ ಹೇಳಿದೆ. ಬೆಂಕಿಯ ಕೆಲಸಕ್ಕೆ ಆಗ್ನೇಯದ ಮೂಲೆ, ತೊಳೆಯುವದಕ್ಕೆ ಪಶ್ಚಿಮ, ಒಣಗಿಸುವದಕ್ಕೆ ವಾಯವ್ಯ, ಸಿದ್ಧವಾದ ವಸ್ತುಗಳನ್ನಿಡಲು ಈಶಾನ್ಯ. ದಿಕ್ಕುಗಳ ಮಾತಿಗೆ ಇಂದಿನ ತರುಣರು ನಗಬಹುದು. ಆದರೆ ಉರಿಯುವ ಒಲೆಯನ್ನೂ ಸಿದ್ಧವಸ್ತುಗಳನ್ನೂ ದೂರದೂರ ಇಡಬೇಕೆಂಬ ವಿವೇಕವು ನಗುವಂಥದಲ್ಲ.

ಇಂದಿನ ಕಟ್ಟಳೆಗಳಿಗೂ ಒಂದೊಂದಕ್ಕೆ ಒಂದೊಂದು ಕಾರಣವಿದೆ. ಗಂಧಕಾಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಪ್ರಬಲವಾದ ಗಂಧಕಾಮ್ಲವು ನೀರಿಗಿಂತ ೧.೮೪ ಪಟ್ಟು ಭಾರ. ಎರಡೂ ಕೂಡಿದಾಗ ಬಹಳ ಶಾಖ ಹುಟ್ಟುತ್ತದೆ. ಮೇಲೆ ಸುರಿದ ಹಗುರವಾದ ನೀರು ಅಲ್ಲಿಯೇ ಕುದಿದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ. ಆಮ್ಲವನ್ನು ತುಸುತುಸುವಾಗಿ, ಕಲಕುತ್ತ ನೀರಿಗೆ ಬಿಟ್ಟರೆ ಶಾಖವು ನೀರಿನಲ್ಲೆಲ್ಲ ಹರಡಿಹೋಗುತ್ತದೆ. ಪ್ರನಾಳವನ್ನು ಕಾಯಿಸುವಾಗ ಅದರ ಬಾಯಿ ತನ್ನ ಕಡೆಗೂ ಇರಬಾರದು, ಪಕ್ಕದವನ ಕಡೆಗೂ ಇರಬಾರದು. ಲವಣಗಳ ಪೃಥಕ್ಕರಣದಲ್ಲಿ ಉಪಯೋಗಕ್ಕೆ ಬರುವ ಹೈಡ್ರೋಜನ್ ಸಲ್ಫೈಡಿನ ಕಥೆ ಇನ್ನೂ ವಿಚಿತ್ರ. ಸ್ವಲ್ಪವಿದ್ದಾಗ ಅದು ಕೊಳೆತ ತತ್ತಿಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ನೂರು ಭಾಗದಷ್ಟಾದರೆ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ನಾತ ನಿಂತಿತು, ಅನಿಲ ಹೋಯಿತೆಂದು ತಿಳಿದವನು ಆಗಲೇ ಹೆಚ್ಚಿನ ಅಪಾಯದಲ್ಲಿರಬಹುದು. ಆದ್ದರಿಂದಲೇ ಆ ಕೆಲಸವನ್ನು ಹೊಗೆ ಎಳೆಯುವ ಕಪಾಟಿನಲ್ಲಿ ಮಾಡಿಸುವದು. ಪಿಪೆಟ್ಟಿನಿಂದ ದ್ರವವನ್ನು ಬಾಯಿಯಿಂದ ಎಳೆಯುವ ಹಳೆಯ ಪದ್ಧತಿಯೂ ಈಗ ನಿಷಿದ್ಧ; ಅದಕ್ಕೆ ರಬ್ಬರಿನ ಬುರುಡೆಯಿದೆ. ‘ನಾವೆಲ್ಲ ಬಾಯಿಂದಲೇ ಎಳೆದಿದ್ದೇವೆ, ಏನಾಯಿತು?’ ಎಂದು ಮಕ್ಕಳೆದುರು ಹೆಮ್ಮೆಪಡುವ ತಂದೆಗಳು ದಯವಿಟ್ಟು ಆ ಹೆಮ್ಮೆಯನ್ನು ಬಿಡಬೇಕು.

ಉಡುಪಿನ ವಿಷಯಕ್ಕೆ ಬಂದರೆ ಮನೆಯವರ ಹೊಣೆ ನೇರವಾಗಿಯೇ ಇದೆ. ಹತ್ತಿಯ ಏಪ್ರನ್, ಕಾಲು ಮುಚ್ಚುವ ಬೂಟು, ಕಣ್ಣು ಕಾಯುವ ಕನ್ನಡಕ, ಕಟ್ಟಿದ ಜಡೆ, ಜೋತಾಡದ ಸೆರಗು ಇಲ್ಲವೆ ದುಪ್ಪಟ್ಟ. ‘ಎರಡು ತಾಸಿನ ಕೆಲಸಕ್ಕ ಅಷ್ಟು ರೊಕ್ಕದ ಚಾಳೀಸು ಯಾಕ ಬೇಕವ್ವಾ?’ ಎಂದು ಮಗಳನ್ನು ಕೇಳುವವರು ನಮ್ಮಲ್ಲಿ ಇಲ್ಲದಿಲ್ಲ. ೨೦೦೮ರ ಡಿಸೆಂಬರಿನಲ್ಲಿ ಅಮೇರಿಕೆಯ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ೨೩ ವರ್ಷದ ಸಂಶೋಧನ ಸಹಾಯಕಿಯೊಬ್ಬಳು ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಿಂದ ತೆಗೆಯುತ್ತಿದ್ದಾಗ ಬೆಂಕಿ ಎದ್ದಿತು. ಅವಳ ಮೈಮೇಲೆ ಏಪ್ರನ್ ಇರಲಿಲ್ಲ; ಕೃತ್ರಿಮ ನೂಲಿನ ಸ್ವೆಟರ್ ಇದ್ದಿತು. ಹದಿನೆಂಟು ದಿನಗಳ ಬಳಿಕ ಅವಳು ತೀರಿಕೊಂಡಳು. ಪ್ರಥಮ ವರ್ಷದವರ ಕೈಗೆ ಅಂಥ ದ್ರವವನ್ನು ಕೊಡುವದಿಲ್ಲ, ನಿಜ. ಆದರೆ ಕೃತ್ರಿಮ ನೂಲು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುವದು ಬನ್ಸೆನ್ ದೀಪದ ಮುಂದೆಯೂ ಅಷ್ಟೇ ಸತ್ಯ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಅಪೇಕ್ಷೆಯೊಂದಿದೆ: ನಿಜವನ್ನು ಹೇಳುವದು. ಬ್ಯುರೆಟ್ಟಿನ ರೀಡಿಂಗನ್ನು ಕಂಡಂತೆಯೇ ಜರ್ನಲಿನಲ್ಲಿ ಬರೆಯಬೇಕು. ಆದರೆ ನೆರೆಯವನ ಅಂಕಿಗಳನ್ನು ನೋಡಿ ಮೂರು ಸಲವೂ ಒಂದೇ ಬರುವಂತೆ ‘ಹೊಂದಿಸುವ’ ಚಾಳಿ ಬಹಳ ಹಳೆಯದು. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರದ ೧೦೦ ಅಂಕಗಳಲ್ಲಿ ೩೦ ಪ್ರಾಯೋಗಿಕಕ್ಕೆಂದು ಇರುವಾಗಲೂ, ಕೋಚಿಂಗಿನ ಭರದಲ್ಲಿ ಪ್ರನಾಳವನ್ನು ಸರಿಯಾಗಿ ಹಿಡಿಯಲಾರದೆ ಬರುವ ಜಾಣರಿಗೆ ಈ ಚಾಳಿ ಬೇಗ ಅಂಟುತ್ತದೆ. ಅಂಕಿಯನ್ನು ಮುಚ್ಚಲು ಕಲಿತವನು ಚೆಲ್ಲಿದ ಆಮ್ಲವನ್ನೂ ಮುಚ್ಚುತ್ತಾನೆ. ಒಡೆದ ಗಾಜಿಗೆ ದಂಡ ತೆರಬೇಕಾದೀತು, ಮನೆಯಲ್ಲಿ ಬೈದಾರು ಎಂದು ಅಂಜಿ ಫ್ಲಾಸ್ಕಿನ ಚೂರುಗಳನ್ನು ಸಿಂಕಿನಲ್ಲಿ ಬಿಟ್ಟು ಹೋದರೆ, ಮುಂದಿನ ತಂಡದವಳ ಕೈ ಕೊಯ್ಯುತ್ತದೆ. ಇಲ್ಲವೆ ಅದನ್ನು ತೊಳೆಯಲು ಬಂದ ಸಿಪಾಯಿಯದು. ಆದಕಾರಣ ಮಗನು ‘ಅಪ್ಪಾ, ಇಂದು ಒಂದು ಪಿಪೆಟ್ ಒಡೆದೆ’ ಎಂದರೆ ರೊಕ್ಕದ ಮಾತಿಗಿಂತ ಮೊದಲು ‘ಸರ್‌ಗೆ ಹೇಳಿದೆಯಾ?’ ಎಂದು ಕೇಳುವದು ಲೇಸು. ಹಾಗೆಯೇ ಪ್ರಯೋಗದ ಹಿಂದಿನ ರಾತ್ರಿ ಅರ್ಧ ತಾಸು ಆ ಪಾಠವನ್ನು ಓದಿದನೋ ಇಲ್ಲವೋ ನೋಡಬೇಕು. ಮುಂದೇನು ಮಾಡುವದೆಂದು ತಿಳಿಯದೆ ನಿಂತವನೇ ಅವಸರದಲ್ಲಿ ತಪ್ಪು ಬಾಟಲಿಗೆ ಕೈ ಹಾಕುವವನು.

ಕಣ್ಣಿಗೆ ರಾಸಾಯನಿಕ ಸಿಡಿದರೆ ರೆಪ್ಪೆಗಳನ್ನು ತೆರೆದು ಹಿಡಿದು ಕನಿಷ್ಠ ೧೫ ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಬಳಿಕ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಚರ್ಮದ ಮೇಲೆ ಬಿದ್ದ ಆಮ್ಲಕ್ಕೂ ಮೊದಲ ಉಪಾಯ ನೀರೇ. ಆಮ್ಲವನ್ನು ಕೊಲ್ಲಲು ಕ್ಷಾರವನ್ನು ಹಚ್ಚುವದು ಗಾಯವನ್ನು ಹೆಚ್ಚಿಸುವ ಜಾಣತನ. ತಾಯಂದಿರಿಗೆ ಇನ್ನೊಂದು ಸೂಚನೆ: ಏಪ್ರನ್ನನ್ನು ಮನೆಯ ಬಟ್ಟೆಗಳ ಸಂಗಡ ನೆನೆಹಾಕದೆ ಬೇರೆಯಾಗಿಯೇ ಒಗೆಯಬೇಕು. ಒಗೆದ ಮೇಲೆ ಹತ್ತಿಯಲ್ಲಿ ಸಣ್ಣಸಣ್ಣ ತೂತುಗಳು ಕಂಡರೆ ಬಟ್ಟೆಯ ಅಂಗಡಿಯವನನ್ನು ದೂರಬೇಡಿರಿ. ಗಂಧಕಾಮ್ಲದ ಹನಿಗಳು ಎಲ್ಲಿ ಬಿದ್ದಿದ್ದವೆಂದು ಮಗಳನ್ನು ಕೇಳಿರಿ.